ಕನಸಿನ ಗಾಡಿ ಗುಡ್ಡ ಹತ್ತುತ್ತಾ?



ಆಗಸ್ಟ್ 15 ಬಂತು ಅಂದ್ರೆ ನಮ್ಮ ನ್ಯೂಸ್ ರೂಮಿನಲ್ಲಿ ಎರಡು ಕಡೆ ಕಣ್ಣಿರುತ್ತೆ. ಒಂದು ಕೆಂಪುಕೋಟೆ. ಇನ್ನೊಂದು ಮಹೀಂದ್ರ ಕಂಪನಿ. ತಮಾಷೆಗೆ ಹೇಳ್ತಿಲ್ಲ, ಲೆಕ್ಕ ನೋಡಿ. 2020ರ ಆಗಸ್ಟ್ 15ಕ್ಕೆ ಹೊಸ ಥಾರ್ ತೋರಿಸಿದರು. 2023ರ ಆಗಸ್ಟ್ 15ಕ್ಕೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಥಾರ್.ಇ ಅನ್ನೋ ಎಲೆಕ್ಟ್ರಿಕ್ ಕಾನ್ಸೆಪ್ಟ್. 2024ಕ್ಕೆ ಐದು ಬಾಗಿಲಿನ ಥಾರ್ ರಾಕ್ಸ್. 2025ಕ್ಕೆ ಮುಂಬೈನಲ್ಲಿ ವಿಷನ್ ಅನ್ನೋ ಹೆಸರಿನ ನಾಲ್ಕು ಕಾನ್ಸೆಪ್ಟ್‌ಗಳು. ಪರದೆ ಸರಿಯುತ್ತೆ, ಹೊಗೆ ಏಳುತ್ತೆ, ಹಿಂದೆ ಡೋಲು ಬಡಿಯುತ್ತೆ, ಎದೆಮಟ್ಟದ ಬಾನೆಟ್ ಇರೋ ಒಂದು ಗಾಡಿ ನಿಧಾನಕ್ಕೆ ಬೆಳಕಿಗೆ ಬರುತ್ತೆ. ನಾವು ಆ ದೃಶ್ಯವನ್ನು ದಿನವಿಡೀ ತೋರಿಸ್ತೀವಿ. ನೀವು ನೋಡ್ತೀರಿ. ಆಮೇಲೆ ನಮಗೆ ಬರೋ ಮೆಸೇಜುಗಳಲ್ಲಿ ಎರಡೇ ಪ್ರಶ್ನೆ: "ಯಾವಾಗ ಬರುತ್ತೆ? ರೇಟ್ ಎಷ್ಟು?"

ನಾನು ಓದಿದ್ದು ಎಂಜಿನಿಯರಿಂಗ್. ಮಾಡ್ತಿರೋದು ಸುದ್ದಿ. ಹಾಗಾಗಿ ನನ್ನ ತಲೆಯಲ್ಲಿ ಮೂರನೇ ಪ್ರಶ್ನೆಯೊಂದು ಓಡುತ್ತಿರುತ್ತೆ. ವೇದಿಕೆ ಮೇಲೆ ನಿಂತಿರೋ ಆ ಗಾಡಿಯಲ್ಲಿ ನಿಜ ಎಷ್ಟು, ನಾಟಕ ಎಷ್ಟು? ಯಾವ ಭಾಗ ಷೋರೂಮಿಗೆ ಬರುತ್ತೆ, ಯಾವುದು ಅಲ್ಲೇ ಉಳಿಯುತ್ತೆ? ಇದು ಕಾರಿನ ಹುಚ್ಚಿರುವವರ ಹರಟೆ ಮಾತ್ರ ಅಂದ್ಕೋಬೇಡಿ. ಈ ಗಾಡಿಗಳ ಬಗ್ಗೆ ನಾವು ಏನನ್ನು ನಂಬ್ತೀವಿ ಅನ್ನೋದರ ಮೇಲೆ ಕೆಲವೊಮ್ಮೆ ಜೀವವೇ ನಿಂತಿರುತ್ತೆ. ಅದು ಹೇಗೆ ಅನ್ನೋದಕ್ಕೆ ಕೊನೆಯಲ್ಲಿ ಬರ್ತೀನಿ.

ಮೊದಲು, ಕಾನ್ಸೆಪ್ಟ್ ಅಂದ್ರೆ ಏನು?

1938ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ಹಾರ್ಲೆ ಅರ್ಲ್ ಎಂಬ ವಿನ್ಯಾಸಗಾರ ಬ್ಯೂಕ್ ವೈ-ಜಾಬ್ ಎಂಬ ಕಾರು ಮಾಡಿಸಿದ. ಮುಚ್ಚಿ ತೆರೆಯುವ ಹೆಡ್‌ಲೈಟು, ವಿದ್ಯುತ್ತಿನಿಂದ ಏರಿಳಿಯುವ ಕಿಟಕಿ. ಅದನ್ನು ಮಾರಲಿಲ್ಲ. ಜನ ನೋಡಿ ಏನಂತಾರೆ ಅಂತ ತಿಳಿಯೋದಕ್ಕೇ ಅದನ್ನು ಮಾಡಿದ್ದು. ಜಗತ್ತಿನ ಮೊದಲ ಕಾನ್ಸೆಪ್ಟ್ ಕಾರು ಅಂತ ಸಾಮಾನ್ಯವಾಗಿ ಅದನ್ನೇ ಕರೀತಾರೆ. ಅಲ್ಲಿಂದ ಇಲ್ಲಿಯವರೆಗೆ ಕಾನ್ಸೆಪ್ಟಿನ ಕೆಲಸ ಬದಲಾಗಿಲ್ಲ. ಒಂದು, ಜನರ ನಾಡಿ ನೋಡೋದು. ಎರಡು, ಕಂಪನಿಯೊಳಗಿನ ವಿನ್ಯಾಸಗಾರರಿಗೆ ದಿಕ್ಕು ತೋರಿಸೋದು. ಮೂರು, ಹೂಡಿಕೆದಾರರಿಗೆ ಮತ್ತು ಎದುರಾಳಿಗಳಿಗೆ "ನಾವೂ ಇದ್ದೀವಿ" ಅಂತ ಹೇಳೋದು.

ವೇದಿಕೆ ಮೇಲಿನ ಗಾಡಿ ಎಷ್ಟೋ ಸಲ ಒಂದೇ ಒಂದು ಇರುತ್ತೆ. ಕೈಯಲ್ಲೇ ಕಟ್ಟಿದ್ದು. ಮೊದಲು ಜೇಡಿಮಣ್ಣಿನಂಥ ವಸ್ತುವಿನಲ್ಲಿ ಪೂರ್ಣ ಗಾತ್ರದ ಗೊಂಬೆ ಮಾಡಿ, ಅದನ್ನು ಕೆತ್ತಿ ತಿದ್ದಿ, ಆಮೇಲೆ ಫೈಬರಿನಲ್ಲೋ ಲೋಹದಲ್ಲೋ ಹೊರಮೈ ಮಾಡ್ತಾರೆ. ಒಳಗೆ ಎಂಜಿನ್ ಇರಬಹುದು. ವೇದಿಕೆ ಮೇಲೆ ನಡಿಗೆಯ ವೇಗದಲ್ಲಿ ತಂದು ನಿಲ್ಲಿಸುವಷ್ಟು ಒಂದು ಚಿಕ್ಕ ಮೋಟಾರು ಮಾತ್ರ ಇರಬಹುದು. ಮದುವೆ ಮಂಟಪದ ಕಂಬದ ಹಾಗೆ. ನೋಡೋದಕ್ಕೆ ಅರಮನೆಯ ಕಂಬ, ತಟ್ಟಿದರೆ ಥರ್ಮೋಕೋಲ್. ಅದರಲ್ಲಿ ಮೋಸವೇನಿಲ್ಲ. ಮಂಟಪ ಇರೋದೇ ನೋಡೋದಕ್ಕೆ. ಅದರ ಮೇಲೆ ಮಹಡಿ ಕಟ್ಟೋಕೆ ಹೊರಟರೆ ಮಾತ್ರ ಕಷ್ಟ.

ಆಫ್‌ರೋಡ್ ಗಾಡಿಯ ಕಾನ್ಸೆಪ್ಟಿನಲ್ಲಿ ಒಂದು ವಿಶೇಷ ಇದೆ. ರೇಸ್ ಕಾರಿನ ಕಾನ್ಸೆಪ್ಟ್ ನೋಡಿ ಅದು ಓಡುತ್ತೋ ಇಲ್ಲವೋ ಹೇಳೋದು ಕಷ್ಟ. ಆದರೆ ಗುಡ್ಡ ಹತ್ತುವ ಗಾಡಿಯ ಯೋಗ್ಯತೆಯ ಅರ್ಧ ಭಾಗ ಅದರ ಆಕಾರದಲ್ಲೇ ಇರುತ್ತೆ. ಬರೀ ಕಣ್ಣಿನಿಂದ ಓದಬಹುದು. ಹೇಗೆ ಓದೋದು ಅಂತ ಹೇಳ್ತೀನಿ.

ಆಕಾರ ಹುಟ್ಟಿದ್ದು ಯುದ್ಧದಲ್ಲಿ

1940ರ ಜುಲೈ. ಎರಡನೇ ಮಹಾಯುದ್ಧ ಯುರೋಪನ್ನು ಸುಡುತ್ತಿತ್ತು. ಅಮೆರಿಕದ ಸೇನೆ 135 ಕಂಪನಿಗಳಿಗೆ ಪತ್ರ ಬರೀತು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಹಗುರ ಗಾಡಿ ಬೇಕು, ಮಾದರಿ ತಂದು ನಿಲ್ಲಿಸೋಕೆ 49 ದಿನ. ತೂಕ 590 ಕೆಜಿ ಒಳಗಿರಬೇಕು ಅಂತ ಬೇರೆ ಷರತ್ತು. ಅಮೆರಿಕನ್ ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ ಸೆಪ್ಟೆಂಬರ್ 23ಕ್ಕೆ ಗಾಡಿ ತಂದು ನಿಲ್ಲಿಸಿತು. ತೂಕದ ಷರತ್ತು ಯಾರ ಕೈಯಲ್ಲೂ ಆಗಲಿಲ್ಲ, ಸೇನೆಯೇ ಸಡಿಲಿಸಿತು. ಆಮೇಲೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಲಕ್ಷಗಟ್ಟಲೆ ಕಟ್ಟಿದವು. ಅದೇ ಜೀಪ್. 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸುತ್ತಾ ಈ ವ್ಯಾಪಾರಕ್ಕೆ ಇಳಿದದ್ದು ಮಹೀಂದ್ರ. ಇವತ್ತಿನ ಥಾರ್‌ನ ಮುಖದಲ್ಲಿ ಕಾಣೋದು ಆ ವಂಶದ ಚಹರೆ. ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೆ ಜನರನ್ನು ಹತ್ತಿಸುವ ಹಳೇ ಜೀಪುಗಳೂ, ಚಿಕ್ಕಮಗಳೂರು-ಕೊಡಗಿನ ಕಾಫಿ ತೋಟದ ಜೀಪುಗಳೂ ಅದೇ ವಂಶದವು.

ಆ ಜೀಪಿನಲ್ಲಿ ಚೆಂದಕ್ಕೆ ಅಂತ ಮಾಡಿದ್ದು ಏನೂ ಇರಲಿಲ್ಲ. ಬಾನೆಟ್ ಚಪ್ಪಟೆ, ಯಾಕೆ? ಚಪ್ಪಟೆ ತಗಡು ಬೇಗ ಮಾಡಬಹುದು, ಅದರ ಮೇಲೆ ಮ್ಯಾಪ್ ಹರವಬಹುದು. ಗಾಜು ಚಪ್ಪಟೆ, ಯಾಕೆ? ಒಡೆದರೆ ಎಲ್ಲಿ ಬೇಕಾದರೂ ಕತ್ತರಿಸಿ ಹಾಕಬಹುದು. ಚಕ್ರಗಳು ನಾಲ್ಕು ಮೂಲೆಗೆ, ಯಾಕೆ? ಚಕ್ರದ ಮುಂದೆ ಮೈ ಚಾಚಿಕೊಂಡಿದ್ದರೆ ದಿಬ್ಬಕ್ಕೆ ಮೊದಲು ಮೈ ತಾಗುತ್ತೆ. ಇವತ್ತಿನ ಕಾನ್ಸೆಪ್ಟುಗಳು ಈ ಪೆಟ್ಟಿಗೆ ಆಕಾರವನ್ನೇ ನಕಲು ಮಾಡ್ತವೆ. ಕಾರಣ ಇಟ್ಟುಕೊಂಡು ಮಾಡಿದ್ದು ಯಾವುದು, ಬರೀ ವೇಷಕ್ಕೆ ಮಾಡಿದ್ದು ಯಾವುದು ಅನ್ನೋದೇ ನಾವು ನೋಡಬೇಕಾದದ್ದು.

ಮೂರು ಕೋನ, ಒಂದು ಹಂಪ್

ನಿಮ್ಮ ಮನೆ ಹತ್ತಿರದ ದೊಡ್ಡ ಹಂಪ್ ನೆನಪು ಮಾಡ್ಕೊಳ್ಳಿ. ಉದ್ದದ ಸೆಡಾನ್ ಕಾರು ಅದನ್ನು ದಾಟುವಾಗ ಮೂರು ಜಾಗದಲ್ಲಿ ತಾಗಬಹುದು. ಹತ್ತುವಾಗ ಮುಂದಿನ ಬಂಪರ್. ಹಂಪಿನ ನೆತ್ತಿಯ ಮೇಲೆ ಹೊಟ್ಟೆ. ಇಳಿದು ಹೋಗುವಾಗ ಹಿಂದಿನ ಬಂಪರ್. ಈ ಮೂರಕ್ಕೂ ಎಂಜಿನಿಯರುಗಳು ಒಂದೊಂದು ಕೋನ ಇಟ್ಟಿದ್ದಾರೆ. ಅಪ್ರೋಚ್ ಆ್ಯಂಗಲ್ ಅಂದ್ರೆ ಮೂತಿ ತಾಗದೆ ಹತ್ತಬಹುದಾದ ಏರು. ಡಿಪಾರ್ಚರ್ ಆ್ಯಂಗಲ್ ಅಂದ್ರೆ ಬಾಲ ತಾಗದೆ ಇಳಿಯಬಹುದಾದ ಇಳಿಜಾರು. ಬ್ರೇಕ್‌ಓವರ್ ಆ್ಯಂಗಲ್ ಅಂದ್ರೆ ಹೊಟ್ಟೆ ತಾಗದೆ ದಾಟಬಹುದಾದ ದಿಬ್ಬ. ಮೂರೂ ಎಷ್ಟು ಹೆಚ್ಚಿದ್ರೆ ಅಷ್ಟು ಒಳ್ಳೇದು.

2020ರ ಮೂರು ಬಾಗಿಲಿನ ಥಾರ್ ಹಾರ್ಡ್‌ಟಾಪ್‌ಗೆ ಕಂಪನಿ ಕೊಟ್ಟ ಅಂಕಿ: ಅಪ್ರೋಚ್ 41.8 ಡಿಗ್ರಿ, ಬ್ರೇಕ್‌ಓವರ್ 27, ಡಿಪಾರ್ಚರ್ 36.8. ಈಗ ಥಾರ್ ರಾಕ್ಸ್ ನೋಡಿ: 41.7, 23.9, 36.1. ಮೂತಿ ಮತ್ತು ಬಾಲದ ಕೋನ ಹೆಚ್ಚುಕಡಿಮೆ ಹಾಗೇ ಇದೆ. ನಡುವಿನದು ಮಾತ್ರ ಮೂರು ಡಿಗ್ರಿಗೂ ಹೆಚ್ಚು ಕುಸಿದಿದೆ. ಯಾಕೆ? ಹಿಂದೆ ಎರಡು ಬಾಗಿಲು ಸೇರಿಸೋಕೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇದ್ದ ಅಂತರವನ್ನು 2450 ಮಿಲಿಮೀಟರಿನಿಂದ 2850ಕ್ಕೆ ಎಳೆದರು. ಎರಡು ಕಂಬದ ನಡುವಿನ ಹಗ್ಗ ಉದ್ದ ಆದಷ್ಟೂ ನಡುವೆ ಜೋತುಬೀಳೋದಿಲ್ವಾ, ಹಾಗೆ. ಹೆಂಡತಿ ಮಕ್ಕಳು ಆರಾಮಾಗಿ ಕೂರೋದಕ್ಕೆ ಗಾಡಿ ತನ್ನ ಹೊಟ್ಟೆಯ ಎತ್ತರದಲ್ಲಿ ಬೆಲೆ ಕೊಟ್ಟಿತು. ತಪ್ಪೇನಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಬೇಕಿರೋದು ಹಿಂದಿನ ಬಾಗಿಲೇ. ಆದರೆ ಒಂದು ಕೊಟ್ಟರೆ ಇನ್ನೊಂದು ಹೋಗುತ್ತೆ. ವಿನ್ಯಾಸ ಅಂದ್ರೆ ಈ ಚೌಕಾಸಿಯೇ.

ಕಾನ್ಸೆಪ್ಟ್ ಗಾಡಿಗೆ ಈ ಚೌಕಾಸಿಯ ಹಂಗಿಲ್ಲ. 2005ರ ಡೆಟ್ರಾಯಿಟ್ ಪ್ರದರ್ಶನದಲ್ಲಿ ಜೀಪ್ ಕಂಪನಿ ಹರಿಕೇನ್ ಅನ್ನೋ ಕಾನ್ಸೆಪ್ಟ್ ಇಟ್ಟಿತು. ಅಪ್ರೋಚ್ 64 ಡಿಗ್ರಿ, ಡಿಪಾರ್ಚರ್ 86.7. ಅಂದ್ರೆ ಹಿಂದಿನ ಚಕ್ರದ ಆಚೆ ಮೈ ಎನ್ನುವುದೇ ಇಲ್ಲ, ನೆಟ್ಟಗೆ ಗೋಡೆಯ ಹಾಗೆ. ಎರಡು 5.7 ಲೀಟರಿನ ವಿ8 ಎಂಜಿನ್, ಒಂದು ಮುಂದೆ, ಒಂದು ಹಿಂದೆ. ಒಟ್ಟು 670 ಅಶ್ವಶಕ್ತಿ. ಸರಿ, ಸಾಮಾನು ಎಲ್ಲಿ ಇಡೋದು? ಜಾಗ ಇಲ್ಲ. ಬಾಗಿಲು? ಅದೂ ಇಲ್ಲ. ಮಳೆ ಬಂದರೆ? ಛಾವಣಿಯೂ ಇಲ್ಲ. ಹರಿಕೇನ್ ಮಾರಾಟಕ್ಕೆ ಬರಲೇ ಇಲ್ಲ. ಬರಬೇಕು ಅಂತ ಮಾಡಿದ್ದೂ ಅಲ್ಲ.

ಚಕ್ರದ ಗುಟ್ಟು

ಕಾನ್ಸೆಪ್ಟ್ ನೋಡುವಾಗ ನಾನು ಮೊದಲು ನೋಡೋದು ಟೈರ್. ದೊಡ್ಡ ಲೋಹದ ರಿಮ್ಮು, ಸುತ್ತ ತೆಳ್ಳಗಿನ ರಬ್ಬರು ಇದ್ದರೆ ಆ ಗಾಡಿ ಫೋಟೋಗೆ ಹುಟ್ಟಿದ್ದು ಅಂತ ಅರ್ಥ. ನಿಜವಾಗಿ ಕಲ್ಲು ಹತ್ತುವ ಗಾಡಿಗೆ ಉಲ್ಟಾ ಬೇಕು. ಚಿಕ್ಕ ರಿಮ್ಮು, ದಪ್ಪ ರಬ್ಬರು. ಕೆಸರು, ಮರಳು ಬಂದಾಗ ಟೈರಿನ ಗಾಳಿ ಇಳಿಸಿದರೆ ಆ ದಪ್ಪ ರಬ್ಬರು ಅಗಲವಾಗಿ ನೆಲಕ್ಕೆ ಹರಡಿಕೊಳ್ಳುತ್ತೆ. ಒಂಟೆಯ ಪಾದದ ಹಾಗೆ. ತೆಳ್ಳಗಿನ ಟೈರಿನಲ್ಲಿ ಗಾಳಿ ಇಳಿಸಿದರೆ ಮೊದಲ ಕಲ್ಲಿಗೇ ರಿಮ್ಮು ಸೊಟ್ಟಗಾಗುತ್ತೆ.

ಎರಡನೆಯದು ಕಣ್ಣಿಗೆ ಕಾಣೋದಿಲ್ಲ. ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸ ತೂಗಿಸೋಕೆ ಎರಡು ಚಕ್ರದ ನಡುವೆ ಕೂತಿರೋ ಹಲ್ಲುಗಾಲಿಗಳ ಗೂಡು ಅದು. ರಸ್ತೆಯಲ್ಲಿ ಅದು ಒಳ್ಳೆಯ ಆಳು. ಕೆಸರಿನಲ್ಲಿ ಮಾತ್ರ ಅಡ್ಡಿ. ಒಂದು ಚಕ್ರ ಗಾಳಿಯಲ್ಲಿ ಎದ್ದರೆ ತಿರುಗೋದೆಲ್ಲ ಅದೇ. ನೆಲ ಕಚ್ಚಿರುವ ಚಕ್ರ ಸುಮ್ಮನೆ ನಿಲ್ಲುತ್ತೆ. ಗದ್ದೆ ಬದಿಯಲ್ಲಿ ಸಿಕ್ಕಿಹಾಕಿಕೊಂಡ ಕಾರಿನ ಒಂದೇ ಚಕ್ರ ಗಿರಗಿರನೆ ತಿರುಗಿ ಕೆಸರು ಎರಚೋದನ್ನು ನೀವು ನೋಡಿರ್ತೀರಿ. ಅದಕ್ಕೇ ನಿಜವಾದ ಆಫ್‌ರೋಡ್ ಗಾಡಿಯಲ್ಲಿ ಡಿಫರೆನ್ಷಿಯಲ್ ಲಾಕ್ ಇರುತ್ತೆ. ಹಾಕಿದರೆ ಎರಡೂ ಚಕ್ರ ಒಟ್ಟಿಗೆ ತಿರುಗಲೇಬೇಕು.

ನಾವು ಓದುವಾಗ ಕಾಲೇಜಿನ ವರ್ಕ್‌ಶಾಪ್‌ನಲ್ಲಿ ಸೀನಿಯರುಗಳು ಬಾಹಾ ಸ್ಪರ್ಧೆಗೆ ಗಾಡಿ ಕಟ್ಟುತ್ತಿದ್ದರು. ಎಸ್‌ಎಇ ಇಂಡಿಯಾ 2007ರಿಂದ ನಡೆಸಿಕೊಂಡು ಬಂದಿರೋ ವಿದ್ಯಾರ್ಥಿಗಳ ಆಫ್‌ರೋಡ್ ಸ್ಪರ್ಧೆ ಅದು. ಪೈಪು ಬಗ್ಗಿಸಿ, ವೆಲ್ಡ್ ಮಾಡಿ, ರಾತ್ರಿಯಿಡೀ ಕೂತು ಒಂದೇ ಸೀಟಿನ ಗಾಡಿ ಮಾಡೋರು. ಕಂಪ್ಯೂಟರ್ ಪರದೆ ಮೇಲೆ ಅದ್ಭುತವಾಗಿ ಕುಣಿಯುತ್ತಿದ್ದ ಸಸ್ಪೆನ್ಷನ್, ಗ್ರೌಂಡಿನಲ್ಲಿ ಒಂದು ಗುಂಡಿ ಹಾರಿಸಿದರೆ ಕಳಚಿ ಕೈಗೆ ಬರೋದು. ಚಿತ್ರಕ್ಕೂ ಗಾಡಿಗೂ ನಡುವೆ ಎಷ್ಟು ದೂರ ಇದೆ ಅನ್ನೋದನ್ನು ಪುಸ್ತಕಕ್ಕಿಂತ ಚೆನ್ನಾಗಿ ಆ ಗ್ರೌಂಡ್ ಹೇಳಿಕೊಡ್ತಿತ್ತು.

ಕನಸು ನನಸಾಗೋಕೆ ಹತ್ತೊಂಬತ್ತು ವರ್ಷ

ಹಾಗಾದರೆ ಕಾನ್ಸೆಪ್ಟ್ ಎಲ್ಲ ಬೂಟಾಟಿಕೆಯಾ? ಖಂಡಿತ ಅಲ್ಲ. ಅದೇ ಹರಿಕೇನ್‌ಗೆ ವಾಪಸ್ ಬನ್ನಿ. ಆ ಗಾಡಿಯ ನಾಲ್ಕೂ ಚಕ್ರ ತಿರುಗುತ್ತಿದ್ದವು, ನಿಂತ ಜಾಗದಲ್ಲೇ ಬುಗುರಿಯ ಹಾಗೆ ಸುತ್ತು ಹಾಕುತ್ತಿತ್ತು. ಇಕ್ಕಟ್ಟಾದ ಕಾಡುದಾರಿಯಲ್ಲಿ ಮುಂದೆ ಮರ ಬಿದ್ದಿದ್ದರೆ ರಿವರ್ಸ್ ಹೊಡೆಯುವ ಕಷ್ಟ ಇಲ್ಲ. ಸುಂದರ ಯೋಚನೆ. ಆದರೆ ಅದಕ್ಕೆ ಬೇಕಾದ ಗೇರು, ದಂಡಗಳ ಜಾಲ ನೆನೆಸಿಕೊಂಡರೇ ಮೆಕ್ಯಾನಿಕ್‌ಗೆ ತಲೆಸುತ್ತು.

2021ರಲ್ಲಿ ಮ್ಯೂನಿಕ್ ಪ್ರದರ್ಶನದಲ್ಲಿ ಮರ್ಸಿಡಿಸ್ ಕಂಪನಿ ಇಕ್ಯೂಜಿ ಅನ್ನೋ ಎಲೆಕ್ಟ್ರಿಕ್ ಕಾನ್ಸೆಪ್ಟ್ ತೋರಿಸಿತು. ಚಕ್ರಕ್ಕೊಂದು ಮೋಟಾರು, ಒಟ್ಟು ನಾಲ್ಕು. ಎಡಗಡೆಯ ಎರಡು ಚಕ್ರ ಮುಂದಕ್ಕೆ, ಬಲಗಡೆಯ ಎರಡು ಹಿಂದಕ್ಕೆ ತಿರುಗಿದರೆ ಏನಾಗುತ್ತೆ? ಗಾಡಿ ನಿಂತಲ್ಲೇ ತಿರುಗುತ್ತೆ. ಯುದ್ಧದ ಟ್ಯಾಂಕ್ ತಿರುಗೋದು ಹೀಗೇ. 2024ರಲ್ಲಿ ಜಿ 580 ಅನ್ನೋ ಹೆಸರಿನಲ್ಲಿ ಆ ಗಾಡಿ ಮಾರಾಟದ ರೂಪದಲ್ಲಿ ಬಂತು, ನಿಂತಲ್ಲೇ ತಿರುಗುವ ಸೌಲಭ್ಯದ ಸಮೇತ. ಹರಿಕೇನ್‌ನ ಕನಸು ಹತ್ತೊಂಬತ್ತು ವರ್ಷಕ್ಕೆ ಇನ್ನೊಂದು ಕಂಪನಿಯಲ್ಲಿ, ಇನ್ನೊಂದು ತಂತ್ರಜ್ಞಾನದಲ್ಲಿ ನನಸಾಯಿತು. ಎಂಜಿನ್ ಮಾಡಲಾಗದ್ದನ್ನು ಮೋಟಾರು ಮಾಡಿತು. ಡಿಫರೆನ್ಷಿಯಲ್ಲಿನ ಗೋಳೂ ಇಲ್ಲ. ಯಾವ ಚಕ್ರಕ್ಕೆ ಎಷ್ಟು ಶಕ್ತಿ ಅನ್ನೋದನ್ನು ಕಂಪ್ಯೂಟರೇ ಹಂಚುತ್ತೆ. ಇಲ್ಲೂ ಚೌಕಾಸಿ ತಪ್ಪಲಿಲ್ಲ. 116 ಕಿಲೋವ್ಯಾಟ್-ಅವರ್ ಬ್ಯಾಟರಿ ಹೊತ್ತ ಗಾಡಿಯ ತೂಕ ಮೂರು ಟನ್ ದಾಟಿದೆ. ಭಾರತದಲ್ಲಿ 2025ರ ಜನವರಿಯಲ್ಲಿ ಬಂದಾಗ ಬೆಲೆ 3 ಕೋಟಿ ರೂಪಾಯಿ. 590 ಕೆಜಿ ಒಳಗಿರಬೇಕು ಅಂತ ಶುರುವಾದ ಕಥೆ ಎಲ್ಲಿಗೆ ಬಂತು ನೋಡಿ.

ಕೆಲವು ಕನಸುಗಳು ಇನ್ನೂ ಕನಸೇ. 2019ರಲ್ಲಿ ಆಡಿ ಕಂಪನಿ ತೋರಿಸಿದ ಎಐ:ಟ್ರೇಲ್ ಕಾನ್ಸೆಪ್ಟಿಗೆ ಹೆಡ್‌ಲೈಟಿನ ಬದಲು ಡ್ರೋನ್‌ಗಳು. ಗಾಡಿಯ ಮುಂದೆ ಹಾರುತ್ತಾ ದಾರಿಗೆ ಬೆಳಕು ಬಿಡ್ತವೆ. ಅದೇ ವರ್ಷ ಹ್ಯುಂಡೈ ಎಲಿವೇಟ್ ಅನ್ನೋ ಕಾನ್ಸೆಪ್ಟ್ ತೋರಿಸಿತು. ಕಾಲಿನ ತುದಿಗೆ ಚಕ್ರ, ರಸ್ತೆ ಮುಗಿದಲ್ಲಿ ಎದ್ದು ನಡೆಯುವ ಗಾಡಿ. ಭೂಕಂಪ, ಪ್ರವಾಹ ಆದ ಜಾಗಕ್ಕೆ ಆಂಬುಲೆನ್ಸ್ ಹೋಗಲಾರದಲ್ಲಿ ಇದು ನಡೆದು ಹೋಗಲಿ ಅನ್ನೋದು ಆಲೋಚನೆ. ನಗಬೇಡಿ. ಒಳ್ಳೆಯ ಕಾನ್ಸೆಪ್ಟ್ ಅಂದ್ರೆ ಹೀಗಿರಬೇಕು, ಯಾವುದೋ ನಿಜವಾದ ಕಷ್ಟಕ್ಕೆ ಉತ್ತರ ಹುಡುಕ್ತಿರಬೇಕು.

ಇನ್ನು ಜನರ ಮಾತಿಗೆ ಬಗ್ಗಿದ ಕಥೆ. 2011ರಲ್ಲಿ ಲ್ಯಾಂಡ್ ರೋವರ್ ಕಂಪನಿ ಹಳೇ ಡಿಫೆಂಡರ್‌ನ ಮುಂದಿನ ರೂಪ ಹೀಗಿರಬಹುದು ಅಂತ ಡಿಸಿ100 ಅನ್ನೋ ಕಾನ್ಸೆಪ್ಟ್ ಇಟ್ಟಿತು. ಅಭಿಮಾನಿಗಳು ತಿರುಗಿಬಿದ್ದರು. ಇದು ಆಟಿಕೆ, ನಮ್ಮ ಗಾಡಿ ಅಲ್ಲ ಅಂದರು. ಕಂಪನಿ ಆ ರೂಪವನ್ನು ಕೈಬಿಟ್ಟಿತು. 2016ರ ಜನವರಿಯಲ್ಲಿ ಹಳೇ ಡಿಫೆಂಡರ್ ಉತ್ಪಾದನೆ ನಿಂತಿತು. 2019ರಲ್ಲಿ ಹೊಸದು ಬಂತು, ಮುಖ ಪೂರ್ತಿ ಬೇರೆ. ಆದರೆ ಗಮನಿಸಿ. ನೀರಿನ ಆಳವನ್ನು ಸೆನ್ಸರ್‌ನಿಂದ ಅಳೆದು ಡ್ರೈವರಿಗೆ ತೋರಿಸುವ ವ್ಯವಸ್ಥೆ ಡಿಸಿ100ರಲ್ಲಿತ್ತು, ಹೊಸ ಡಿಫೆಂಡರ್‌ನಲ್ಲೂ ಇದೆ. ಮುಖ ಹೋಯಿತು, ಬುದ್ಧಿ ಉಳಿಯಿತು. ಕಾನ್ಸೆಪ್ಟುಗಳ ಹಣೆಬರಹ ಬಹಳಷ್ಟು ಸಲ ಹೀಗೇ.

ಕತ್ತರಿ ಬೀಳೋದು ಎಲ್ಲಿ?

ವೇದಿಕೆಯಿಂದ ಷೋರೂಮಿಗೆ ಬರುವ ದಾರಿಯಲ್ಲಿ ಮೊದಲು ಉದುರೋದು ಎದುರುಬದುರಾಗಿ ತೆರೆಯುವ ಬಾಗಿಲು. ನಡುವೆ ಕಂಬ ಇಲ್ಲದ ಗಾಡಿಗೆ ಪಕ್ಕದಿಂದ ಡಿಕ್ಕಿ ಹೊಡೆದರೆ ತಡೆಯೋದು ಯಾರು? ಆ ಕಂಬ ವಾಪಸ್ ಬರುತ್ತೆ. ಎರಡನೆಯದು ಕನ್ನಡಿ. ಕಾನ್ಸೆಪ್ಟಿನಲ್ಲಿ ತೆಳ್ಳಗಿನ ಕ್ಯಾಮೆರಾ, ಷೋರೂಮಿನಲ್ಲಿ ಸಾಮಾನ್ಯವಾಗಿ ನಮ್ಮ ಹಳೇ ದಪ್ಪ ಕನ್ನಡಿ. ಮೂರನೆಯದು ಆ ದೈತ್ಯ ಚಕ್ರ. ನಾಲ್ಕನೆಯದು ಗಾಡಿಯ ಒಳಗಿನ ಬಣ್ಣ, ಬಟ್ಟೆ, ತೇಲುವ ಹಾಗೆ ಕಾಣೋ ಸೀಟು. ಉಳಿಯೋದು ಏನು? ಮುಖದ ಚಹರೆ, ದೀಪದ ಆಕಾರ, ಹಿಂಬಾಗಿಲಿಗೆ ನೇತುಹಾಕಿದ ಸ್ಟೆಪ್ನಿ. ದುಡ್ಡು ಕಡಿಮೆ, ಗುರುತು ಹೆಚ್ಚು. ಅಂಥವು ಉಳೀತವೆ.

ಉಳಿಯುವುದರಲ್ಲಿ ಒಂದರ ಬಗ್ಗೆ ನನಗೆ ತಕರಾರಿದೆ. ಎತ್ತರದ, ಚಪ್ಪಟೆ ಮೂತಿ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ, ಐಐಎಚ್‌ಎಸ್, 2023ರ ನವೆಂಬರ್‌ನಲ್ಲಿ ಒಂದು ಅಧ್ಯಯನ ಹೊರತಂದಿತು. ಬಾನೆಟಿನ ಅಂಚು 40 ಇಂಚಿಗಿಂತ ಎತ್ತರ ಇರುವ ಗಾಡಿ ಪಾದಚಾರಿಗೆ ಡಿಕ್ಕಿ ಹೊಡೆದರೆ, 30 ಇಂಚಿಗಿಂತ ತಗ್ಗಿನ, ಇಳಿಜಾರು ಮೂತಿಯ ಕಾರಿಗಿಂತ ಸಾವಿನ ಸಾಧ್ಯತೆ ಸುಮಾರು 45 ಪರ್ಸೆಂಟ್ ಹೆಚ್ಚು. ಕಾರಣ ಸರಳ. ತಗ್ಗಿನ ಕಾರು ಕಾಲಿಗೆ ಬಡಿದು ಮನುಷ್ಯನನ್ನು ಬಾನೆಟ್ ಮೇಲೆ ಎತ್ತಿಹಾಕುತ್ತೆ. ಎತ್ತರದ ಗೋಡೆ ಎದೆಗೆ, ತಲೆಗೇ ಬಡಿಯುತ್ತೆ. ಆ ಮೂತಿಗೆ ಸಾಲದು ಅಂತ ನಮ್ಮವರು ಕಬ್ಬಿಣದ ಗಾರ್ಡ್ ಬೇರೆ ಹಾಕಿಸ್ತಾರೆ. ಅಂಥ ಗಾರ್ಡ್‌ಗಳ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಹೇಳಿದೆ. ಬೆಂಗಳೂರಿನ ಯಾವುದೇ ಸಿಗ್ನಲ್‌ನಲ್ಲಿ ನಿಂತು ಎಣಿಸಿ, ಎಷ್ಟು ಜನ ಕೇಳಿದ್ದಾರೆ ಅಂತ ಗೊತ್ತಾಗುತ್ತೆ.

ಈಗ ನೀರಿನ ವಿಷಯ

ಶುರುವಿನಲ್ಲಿ ಹೇಳಿದೆನಲ್ಲ, ಜೀವದ ಪ್ರಶ್ನೆ ಅಂತ. ಅದು ಇದು.

ಆಫ್‌ರೋಡ್ ಗಾಡಿಯ ಪ್ರತಿಯೊಂದು ಜಾಹೀರಾತಿನಲ್ಲಿ ಒಂದು ಹೊಳೆ ಇದ್ದೇ ಇರುತ್ತೆ. ಎರಡೂ ಕಡೆ ನೀರು ರೆಕ್ಕೆಯ ಹಾಗೆ ಚಿಮ್ಮುತ್ತೆ, ನಡುವೆ ಗಾಡಿ. ಕೆಳಗೆ ಒಂದು ಅಂಕಿ: ಥಾರ್‌ಗೆ 650 ಮಿಲಿಮೀಟರ್. ಡಿಫೆಂಡರ್‌ಗೆ 900. ಎಲೆಕ್ಟ್ರಿಕ್ ಜಿ 580ಗೆ 850. ಇದರ ಹೆಸರು ವಾಟರ್ ವೇಡಿಂಗ್ ಡೆಪ್ತ್. ಇಷ್ಟು ಆಳದ ನೀರಿನಲ್ಲಿ ನಿಧಾನಕ್ಕೆ ಹೋದರೆ ಎಂಜಿನ್ನಿನೊಳಗೆ ನೀರು ನುಗ್ಗದು, ವಿದ್ಯುತ್ ಭಾಗ ಕೆಡದು ಅಂತ ಕಂಪನಿ ಹೇಳುವ ಮಿತಿ. ಅದು ಗಾಡಿಯ ಆರೋಗ್ಯದ ಲೆಕ್ಕ. ನಿಮ್ಮ ಪ್ರಾಣದ ಲೆಕ್ಕ ಅದರಲ್ಲಿಲ್ಲ. ಮುಖ್ಯವಾಗಿ, ಅದು ನಿಂತ ನೀರಿನ ಲೆಕ್ಕ.

ಹರಿಯುವ ನೀರಿನ ಲೆಕ್ಕ ಯಾರು ಕೊಟ್ಟಿದ್ದಾರೆ? ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಅಲ್ಲಿನ ಜನರಿಗೆ ಹೇಳೋದು ಹೀಗೆ: ಒಂದು ಅಡಿ ರಭಸದ ನೀರು ಹೆಚ್ಚಿನ ಕಾರುಗಳನ್ನು ಹೊತ್ತೊಯ್ಯಬಲ್ಲದು, ಎರಡು ಅಡಿ ನೀರು ಎಸ್‌ಯುವಿಯನ್ನೂ ಟ್ರಕ್ಕನ್ನೂ ಒಯ್ಯಬಲ್ಲದು. ಎರಡು ಅಡಿ ಅಂದ್ರೆ ಎಷ್ಟು? 610 ಮಿಲಿಮೀಟರ್. ಜಾಹೀರಾತಿನ ಅಂಕಿ 650. ಎರಡನ್ನೂ ಪಕ್ಕಪಕ್ಕ ಇಟ್ಟು ಇನ್ನೊಮ್ಮೆ ಓದಿ. ಎಂಜಿನ್ ಇನ್ನೂ ಚೆನ್ನಾಗಿ ಓಡ್ತಿರುವಾಗಲೇ ಗಾಡಿ ಕೊಚ್ಚಿಹೋಗಬಹುದು.

ಹೇಗೆ ಸಾಧ್ಯ, ಎರಡು ಟನ್ ತೂಕ ಇದೆಯಲ್ಲ ಅಂತೀರಾ? ಸ್ಕೂಲಿನಲ್ಲಿ ಓದಿದ ಆರ್ಕಿಮಿಡೀಸ್ ಸಾಕು. ನಾಲ್ಕು ಮೀಟರ್ ಉದ್ದ, ಒಂದೂ ಮುಕ್ಕಾಲು ಮೀಟರ್ ಅಗಲದ ಗಾಡಿ ಅಂದ್ಕೊಳ್ಳಿ. ತಳದ ವಿಸ್ತಾರ 7 ಚದರ ಮೀಟರ್. ನೀರು ತಳ ಮುಟ್ಟಿದ ಮೇಲೆ, ಒಳಗೆ ನುಗ್ಗುವ ಮೊದಲು, ಪ್ರತಿ 10 ಸೆಂಟಿಮೀಟರ್ ಏರಿದಾಗ ಮುಕ್ಕಾಲು ಘನ ಮೀಟರಿಗೆ ಹತ್ತಿರದಷ್ಟು ನೀರನ್ನು ಗಾಡಿ ತಳ್ಳುತ್ತೆ. ಅಂದ್ರೆ ಸುಮಾರು 700 ಕೆಜಿ ತೂಕವನ್ನು ನೀರು ಕೆಳಗಿನಿಂದ ಎತ್ತುತ್ತೆ. 30 ಸೆಂಟಿಮೀಟರ್ ಏರಿದರೆ 2100 ಕೆಜಿ. ಗಾಡಿಯ ತೂಕ ಪೂರ್ತಿ ಹೋಯಿತು. ಪೂರ್ತಿ ತೇಲಬೇಕಾಗಿಯೂ ಇಲ್ಲ. ಅರ್ಧ ತೂಕ ಹೋದರೆ ಟೈರಿನ ಹಿಡಿತವೂ ಅರ್ಧ ಹೋಗುತ್ತೆ. ಅದೇ ಹೊತ್ತಿಗೆ ಪಕ್ಕದಿಂದ ನೀರು ತಳ್ತಿರುತ್ತೆ. ಹರಿವಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ನಾಲ್ಕು ಚಕ್ರಕ್ಕೂ ಶಕ್ತಿ ಇದ್ದೇನು ಬಂತು? ನೆಲ ಮುಟ್ಟದ ಚಕ್ರಕ್ಕೆ ಶಕ್ತಿ ಕೊಟ್ಟರೆ ನೀರು ಕಡೆಯೋದಷ್ಟೇ. ಇನ್ನು ಆ ನೀರಿನಡಿ ಸೇತುವೆಯ ಅರ್ಧ ಭಾಗವೇ ಕಿತ್ತುಹೋಗಿದ್ದರೆ? ಕೆಂಪು ನೀರಿನಲ್ಲಿ ಕಾಣೋದಿಲ್ಲ.

ಮಳೆಗಾಲ ಬಂದರೆ ಪ್ರತಿ ವರ್ಷ ಈ ಸುದ್ದಿ ಓದೋದು ನಾನೇ. ಮುಳುಗಿದ ಸೇತುವೆ, ಈ ದಡದಲ್ಲಿ ಕೂಗ್ತಿರೋ ಜನ, "ಹೋಗಬೇಡಿ" ಅಂದರೂ ಇಳಿದ ಗಾಡಿ. ಮೊಬೈಲಿನಲ್ಲಿ ತೆಗೆದ ವಿಡಿಯೋ ನಮಗೆ ಬರುತ್ತೆ. ಮೂವತ್ತು ಸೆಕೆಂಡಿನ ದೃಶ್ಯ. ಮೊದಲ ಹತ್ತು ಸೆಕೆಂಡು ಜಾಹೀರಾತಿನ ಹಾಗೇ ಇರುತ್ತೆ. ಕೊನೆಯ ಹತ್ತು ಸೆಕೆಂಡು ನಾವು ನಿಮಗೆ ತೋರಿಸೋದಿಲ್ಲ.

ಬದುಕಿ ಬಂದರೂ ಖರ್ಚು ಇದೆ. ಎಂಜಿನ್ನಿನ ಸಿಲಿಂಡರಿಗೆ ನೀರು ಹೋದರೆ ಪಿಸ್ಟನ್ ಗಾಳಿಯನ್ನು ಒತ್ತಿದ ಹಾಗೆ ನೀರನ್ನು ಒತ್ತಲಾರದು. ಕನೆಕ್ಟಿಂಗ್ ರಾಡ್ ಬಗ್ಗುತ್ತೆ, ಎಂಜಿನ್ ಹೋಯಿತು. ಸಾಧಾರಣ ಇನ್ಶೂರೆನ್ಸ್ ಪಾಲಿಸಿ ಇದಕ್ಕೆ ದುಡ್ಡು ಕೊಡೋದಿಲ್ಲ. ಎಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಕವರ್ ತಗೊಂಡಿರಬೇಕು. ನಿಮ್ಮ ಪಾಲಿಸಿ ತೆಗೆದು ಇವತ್ತೇ ನೋಡಿ.

ಮಲೆನಾಡಿನ ಹಳೇ ಜೀಪ್ ಡ್ರೈವರುಗಳನ್ನು ಗಮನಿಸಿ. ಅವರ ಗಾಡಿಯಲ್ಲಿ ಪರದೆ ಇಲ್ಲ, ಸೆನ್ಸರ್ ಇಲ್ಲ. ಹಳ್ಳ ಬಂದರೆ ನಿಲ್ಲಿಸ್ತಾರೆ, ಇಳೀತಾರೆ, ನೀರು ನೋಡ್ತಾರೆ. ಬೇಡ ಅನ್ನಿಸಿದರೆ ಬೀಡಿ ಹಚ್ಚಿ ಕೂತ್ಕೋತಾರೆ. ನೀರು ಇಳಿದ ಮೇಲೆ ಹೊರಡ್ತಾರೆ. ಆ ಕಾಯುವ ಬುದ್ಧಿಯನ್ನು ಯಾವ ಕಾನ್ಸೆಪ್ಟಿನಲ್ಲೂ ಕೊಡೋದಿಲ್ಲ.

ಮುಂದಿನ ಸಲ ಪರದೆ ಸರಿದಾಗ

ಮುಂದಿನ ಆಗಸ್ಟ್ 15ಕ್ಕೋ, ಯಾವುದೋ ಆಟೋ ಎಕ್ಸ್‌ಪೋದಲ್ಲೋ ಇನ್ನೊಂದು ಗಾಡಿ ಹೊಗೆಯಿಂದ ಹೊರಬರುತ್ತೆ. ನೋಡಿ, ಖುಷಿಪಡಿ. ನಾನೂ ಬಾಯಿಬಿಟ್ಟು ನೋಡ್ತೀನಿ. ಜೊತೆಗೆ ಈ ಐದು ಪ್ರಶ್ನೆ ಕೈಯಲ್ಲಿರಲಿ.

ಒಂದು, ಚಕ್ರದ ಮುಂದೆ ಮತ್ತು ಹಿಂದೆ ಮೈ ಎಷ್ಟು ಚಾಚಿದೆ? ಎರಡು, ಟೈರಿನಲ್ಲಿ ರಬ್ಬರು ಹೆಚ್ಚೋ ಲೋಹ ಹೆಚ್ಚೋ? ಮೂರು, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಂತರ ಎಷ್ಟು, ಹೊಟ್ಟೆ ಎಷ್ಟು ಎತ್ತರ? ನಾಲ್ಕು, ಬಾನೆಟಿನ ಮುಂದೆ ಐದು ವರ್ಷದ ಮಗು ನಿಂತರೆ ಡ್ರೈವರಿಗೆ ಕಾಣುತ್ತಾ? ಐದನೆಯದು ಗಾಡಿಗೆ ಕೇಳೋದಲ್ಲ, ನಮಗೆ ನಾವೇ ಕೇಳಿಕೊಳ್ಳೋದು. ವರ್ಷದ 365 ದಿನದಲ್ಲಿ ನಾನು ಮಣ್ಣಿನ ದಾರಿಗೆ ಇಳಿಯೋದು ಎಷ್ಟು ದಿನ? ತೋಟ ಇದೆ, ಏರು ದಾರಿ ಇದೆ ಅನ್ನೋರಿಗೆ ಈ ಗಾಡಿ ಎತ್ತಿನಷ್ಟೇ ಅಗತ್ಯ. ಅವರು ತಗೊಳ್ಳಲಿ. ಸಿಲ್ಕ್ ಬೋರ್ಡ್‌ನಿಂದ ಹೆಬ್ಬಾಳಕ್ಕೆ ಹೋಗೋದಕ್ಕೆ ಡಿಫರೆನ್ಷಿಯಲ್ ಲಾಕ್ ಬೇಕಿಲ್ಲ. ಏಳು ವರ್ಷದ ಸಾಲದ ಕಂತು ಕಟ್ಟೋ ಮುಂಚೆ ಮನೆಯವರ ಜೊತೆ ಕೂತು ಈ ಐದನೇ ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ.

ತಗೊಂಡಾಗಿದ್ದರೆ ಒಂದೇ ಮಾತು. ಸೇತುವೆ ಮೇಲೆ ನೀರು ಹರೀತಿದ್ರೆ ಗಾಡಿ ನಿಲ್ಲಿಸಿ. ಬೇರೆ ದಾರಿ ಹಿಡೀರಿ, ಇಲ್ಲವೇ ಕಾಯಿರಿ. ನಿಮ್ಮ ಊರಿನ ಹೆಸರನ್ನು ನಾನು ಬೇರೆ ಯಾವುದಾದರೂ ಒಳ್ಳೇ ಸುದ್ದಿಯಲ್ಲಿ ಓದೋ ಹಾಗಾಗಲಿ.